ಹೂ ಹನ್ನೊಂದು, ಮೊಗ್ಗು ನಾಲ್ಕು

ಇಂಚುರಾಯರ ಅಂಗಿಯ ಜೇಬಿನಲ್ಲಿ ಪೆನ್ನು ಇರುತ್ತಿರಲಿಲ್ಲ, ಆರಿಂಚಿನ ಉಕ್ಕಿನ ಸ್ಕೇಲು ಇರುತ್ತಿತ್ತು. ಪೆನ್ನು ಬೇಕಾದಾಗ ಪಕ್ಕದ ಮೇಜಿನವರನ್ನು ಕೇಳಿ ಪಡೆಯುತ್ತಿದ್ದರು. ಸ್ಕೇಲನ್ನು ಮಾತ್ರ ಯಾರು ಕೇಳಿದರೂ ಕೊಡುತ್ತಿರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವರಿಗೂ ಇತ್ತು ನಿಜ, ಆದರೆ ಅದು ತಿಂಗಳಿಗೊಮ್ಮೆ ಸಂಬಳದ ದಿನ ಮುಖ ತೋರಿಸಿ ಮರೆಯಾಗುತ್ತಿತ್ತು. ಉಳಿದ ದಿನವೆಲ್ಲ ಅವರು ಇಂಚುರಾಯರೇ.

ಅಳತೆ ಮತ್ತು ತೂಕದ ಕಚೇರಿಯಲ್ಲಿ ಅವರು ಮೂವತ್ತನಾಲ್ಕು ವರ್ಷದಿಂದ ಸ್ಟೋರ್‌ಕೀಪರ್. ಊರಿನ ಅಂಗಡಿಯವರೆಲ್ಲ ವರ್ಷಕ್ಕೊಮ್ಮೆ ತಕ್ಕಡಿ, ತೂಕದ ಬಟ್ಟು, ಲೀಟರಿನ ಡಬ್ಬ, ಮೀಟರಿನ ಕೋಲು ಹೊತ್ತುಕೊಂಡು ಬಂದು ಮುದ್ರೆ ಒತ್ತಿಸಿಕೊಂಡು ಹೋಗುವ ಕಚೇರಿ ಅದು. ಆ ಬಟ್ಟುಗಳನ್ನೆಲ್ಲ ಯಾವ ಬಟ್ಟಿನ ಜೊತೆ ಹೋಲಿಸಿ ನೋಡಬೇಕೋ ಆ ಮೂಲ ಬಟ್ಟುಗಳು ರಾಯರ ಬೀರುವಿನಲ್ಲಿ, ಮಖಮಲ್ಲಿನ ಹಾಸಿಗೆಯ ಮೇಲೆ, ಹೊದಿಕೆ ಹೊದ್ದು ಮಲಗಿರುತ್ತಿದ್ದವು. ಮೂವತ್ತನಾಲ್ಕು ವರ್ಷದಲ್ಲಿ ಅವರ ಸ್ಟೋರಿನಲ್ಲಿ ಒಂದು ಗುಂಡುಸೂಜಿಯ ವ್ಯತ್ಯಾಸವೂ ಬಂದಿರಲಿಲ್ಲ. ಈ ವಿಷಯವನ್ನು ಅವರು ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಮನೆಯಲ್ಲೂ ಇದೇ ಕಥೆ. ಅಂಗಡಿಯಿಂದ ತಂದ ತರಕಾರಿಯನ್ನು ಅಡುಗೆಮನೆಯ ಕಿಟಕಿಯಲ್ಲಿ ತೂಗುಹಾಕಿದ ಸ್ವಂತ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗದೆ ಹೆಚ್ಚಲು ಬಿಡುತ್ತಿರಲಿಲ್ಲ. ಅವರ ಹೆಂಡತಿ ಆ ತಕ್ಕಡಿಯನ್ನು ಸವತಿ ಎಂದೇ ಕರೆಯುತ್ತಿದ್ದರು. "ಸವತೀನ ಪಕ್ಕಕ್ಕೆ ಸರಿಸ್ರೀ, ಹೊಗೆ ಹೋಗ್ತಿಲ್ಲ" ಎನ್ನುವುದು ಆ ಮನೆಯಲ್ಲಿ ದಿನವೂ ಕೇಳುವ ಮಾತು.

ಮದುವೆಯಾದ ಹೊಸತರಲ್ಲಿ ರಾಯರು ಆಕೆಗೆ ಒಂದು ಮಾತು ಕೊಟ್ಟಿದ್ದರು: ಮುಂದಿನ ವರ್ಷ ಸಮುದ್ರ ತೋರಿಸುತ್ತೇನೆ. ಆದರೆ ಸಮುದ್ರಕ್ಕೆ ಹೋಗಬೇಕಾದರೆ ನಾಲ್ಕು ದಿನ ರಜ ಹಾಕಬೇಕು, ರಜ ಹಾಕಿದರೆ ಸ್ಟೋರಿನ ಬೀಗದ ಕೈಯನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಹೀಗಾಗಿ ಮೂವತ್ತೊಂದು ವರ್ಷ ಸಮುದ್ರ ಇದ್ದಲ್ಲೇ ಉಳಿಯಿತು. ಈ ಸಲ ಆಕೆ ಯಾರನ್ನೂ ಕೇಳಲಿಲ್ಲ. ತಾವೇ ನಿಲ್ದಾಣಕ್ಕೆ ಹೋಗಿ, ಗಂಡ ನಿವೃತ್ತರಾಗುವ ದಿನ ಸಂಜೆ ಏಳೂಕಾಲರ ರೈಲಿಗೆ ಎರಡು ಟಿಕೆಟ್ ತಂದು ಕನ್ನಡಿಯ ಅಂಚಿಗೆ ಸಿಕ್ಕಿಸಿಬಿಟ್ಟರು.

"ನೀವು ಬಂದ್ರೆ ಇಬ್ರು, ಬರ್ಲಿಲ್ಲ ಅಂದ್ರೆ ನಾನೊಬ್ಳೇ. ಸಮುದ್ರ ಅಂತೂ ನೋಡೋದೇ."

"ಚಾರ್ಜ್ ಒಪ್ಪಿಸಿ ಸಹಿ ಬಿದ್ದ ತಕ್ಷಣ ಹೊರಡೋದೇ ಕಣೇ. ನನ್ನ ಸ್ಟೋರಲ್ಲಿ ಏನು ತಕರಾರು ಬರುತ್ತೆ? ಕಣ್ಣು ಮುಚ್ಚಿ ಸಹಿ ಹಾಕ್ತಾರೆ."

ಆದರೆ ಸಹಿ ಹಾಕಲು ಬಂದವಳು ಕಣ್ಣು ಮುಚ್ಚುವ ಪೈಕಿ ಅಲ್ಲ. ನಿವೃತ್ತಿಗೆ ಎಪ್ಪತ್ತು ದಿನ ಇರುವಾಗಲೇ ಬಂದಿಳಿದ ಹೊಸ ಸ್ಟೋರ್‌ಕೀಪರ್ ಹುಡುಗಿ ಮೊದಲ ದಿನವೇ ರಾಯರ ಕಾಲಿಗೆ ನಮಸ್ಕಾರ ಮಾಡಿ, "ಸರ್, ಟ್ರೇನಿಂಗಿನಲ್ಲಿ ನೀವೇ ನಮಗೆ ಪಾಠ ಮಾಡಿದ್ದು. ನೀವು ಹೇಳಿದ್ದು ಒಂದಕ್ಷರ ಮರೆತಿಲ್ಲ" ಎಂದಳು. ರಾಯರು ಉಬ್ಬಿಹೋದರು. ಆ ಮಾತಿನಲ್ಲಿ ತಮಗೆ ಕಾದಿದ್ದ ಗ್ರಹಚಾರ ಅವರಿಗೆ ಹೊಳೆಯಲಿಲ್ಲ.

ದಾಸ್ತಾನು ಪುಸ್ತಕ ತೆರೆದರು. ಒಂದನೇ ಸಾಮಾನಿನಿಂದ ಇನ್ನೂರ ಹದಿಮೂರರವರೆಗೆ ಹುಡುಗಿ ಓದುತ್ತ ಹೋದಳು, ರಾಯರು ತೋರಿಸುತ್ತ ಹೋದರು. ಎಲ್ಲವೂ ಸರಿಯಾಗಿತ್ತು. ಹದಿನೇಳನೆಯದು "ಉಕ್ಕಿನ ಸ್ಕೇಲು, ಆರಿಂಚು, ಒಂದು" ಎಂದಾಗ ರಾಯರು ಜೇಬಿನಿಂದ ಅದನ್ನು ತೆಗೆದು ತೋರಿಸಿ ತಟಕ್ಕನೆ ಒಳಗಿಟ್ಟುಕೊಂಡರು. ಕೊನೆಯ ಪುಟಕ್ಕೆ ಬಂದರು.

"ಇನ್ನೂರ ಹದಿನಾಲ್ಕು," ಎಂದು ಹುಡುಗಿ ಓದಿದಳು. "ಕಣಗಿಲೆ ಗಿಡ, ಜೀವಂತ, ಒಂದು. ಎತ್ತರ ಮೂರಡಿ ಎರಡಿಂಚು. ಹೂ ಹನ್ನೊಂದು. ಮೊಗ್ಗು ನಾಲ್ಕು."

ರಾಯರು ಪುಸ್ತಕದತ್ತ ಬಾಗಿ ತಮ್ಮದೇ ಅಕ್ಷರವನ್ನು ಇನ್ನೊಮ್ಮೆ ಓದಿದರು.

ಹನ್ನೆರಡು ವರ್ಷದ ಹಿಂದೆ ದೊಡ್ಡ ಅಧಿಕಾರಿಯೊಬ್ಬರು ಕಚೇರಿಗೆ ಬಂದವರು ಅಂಗಳದಲ್ಲಿ ಒಂದು ಕಣಗಿಲೆ ಗಿಡ ನೆಟ್ಟು, ಫೋಟೋ ತೆಗೆಸಿಕೊಂಡು ಹೋಗಿದ್ದರು. ಬೇರೆ ಯಾರೇ ಆಗಿದ್ದರೂ ಅದನ್ನು ಪುಸ್ತಕಕ್ಕೆ ಏರಿಸುತ್ತಿರಲಿಲ್ಲ. ಏರಿಸಿದರೂ "ಗಿಡ, ಒಂದು" ಎಂದು ಬರೆದು ಮುಗಿಸುತ್ತಿದ್ದರು. ಇಂಚುರಾಯರು ಹಾಗೆ ಮಾಡಿದರೆ ಇಂಚುರಾಯರು ಹೇಗಾದಾರು? ಮಂಡಿಯೂರಿ ಕೂತು, ಅಳೆದು, ಎಣಿಸಿ, ಮುತ್ತಿನಂಥ ಅಕ್ಷರದಲ್ಲಿ ಬರೆದರು. ಆ ಪುಟವನ್ನು ಒಂದು ವಾರ ಕಂಡಕಂಡವರಿಗೆಲ್ಲ ತೋರಿಸಿದರು. ಆಮೇಲೆ ಪ್ರತಿ ವರ್ಷವೂ ದಾಸ್ತಾನು ಪರಿಶೀಲನೆಯ ದಿನ, ಗಿಡ ಅಲ್ಲೇ ಇದೆಯಲ್ಲ, ಎಲ್ಲಿ ಹೋಗುತ್ತೆ ಎಂದುಕೊಂಡು ಕುರ್ಚಿಯಿಂದ ಏಳದೆ "ಪರಿಶೀಲಿಸಿದೆ, ಸರಿ ಇದೆ" ಎಂದು ಸಹಿ ಹಾಕಿದರು.

ಇಬ್ಬರೂ ಅಂಗಳಕ್ಕೆ ಬಂದರು. ಗಿಡ ಹತ್ತಡಿ ಬೆಳೆದು, ಕಚೇರಿಯ ಮುಖ್ಯಸ್ಥರಾದ ಸಾಹೇಬರ ಕಿಟಕಿಯನ್ನು ದಾಟಿ, ಹೆಂಚಿನ ಅಂಚು ಮುಟ್ಟಿತ್ತು. ಹನ್ನೆರಡು ವರ್ಷದಲ್ಲಿ ಅದಕ್ಕೆ ಯಾರೂ ಒಂದು ಚೊಂಬು ನೀರು ಹಾಕಿದವರಿಲ್ಲ. ಊರಿನ ಬಾವಿಗಳೆಲ್ಲ ತಳ ಕಂಡ ಬೇಸಿಗೆಯಲ್ಲೂ ಅದು ಹಸಿರಾಗಿಯೇ ನಿಂತು, ನೆತ್ತಿಯ ತುಂಬ ಗುಲಾಬಿ ಬಣ್ಣದ ಹೂ ಹೊತ್ತಿತ್ತು. ಹುಡುಗಿ ಎಣಿಸಲು ಶುರುಮಾಡಿ ಇನ್ನೂರ ಮೂವತ್ತಕ್ಕೆ ನಿಲ್ಲಿಸಿದಳು.

"ಹೆಚ್ಚೇ ಇದೆಯಲ್ಲಮ್ಮ," ಎಂದರು ರಾಯರು, ನಗಲು ಪ್ರಯತ್ನಿಸುತ್ತ. "ಕಮ್ಮಿ ಇದ್ದಿದ್ರೆ ಬೇರೆ ಮಾತು."

"ಸರ್, ನೀವೇ ಪಾಠ ಮಾಡಿದ್ದು. ಪುಸ್ತಕಕ್ಕಿಂತ ಒಂದು ಕಮ್ಮಿ ಇದ್ರೆ ಕಳ್ಳತನ, ಒಂದು ಹೆಚ್ಚಿದ್ರೆ ಮೋಸ. ಎರಡಕ್ಕೂ ಸಹಿ ಹಾಕಬಾರದು ಅಂತ. ನಾನು ಕೆಂಪು ಶಾಯೀಲಿ ಗೆರೆ ಎಳೆದಿಟ್ಕೊಂಡಿದೀನಿ."

"ಪುಸ್ತಕ ತಿದ್ದಿದ್ರೆ?"

"ತಿದ್ದಬಹುದು ಸರ್. ಕೇಂದ್ರ ಕಚೇರಿಗೆ ಬರೀಬೇಕು. ಆರು ತಿಂಗಳಾಗುತ್ತೆ. ಹನ್ನೆರಡು ವರ್ಷ 'ಸರಿ ಇದೆ' ಅಂತ ಯಾಕೆ ಬರೆದ್ರಿ ಅಂತ ಕೇಳ್ತಾರೆ. ಅಲ್ಲೀವರೆಗೂ ನಿಮ್ಮನ್ನ ಬಿಡುಗಡೆ ಮಾಡೋಕಾಗಲ್ಲ."

ಕನ್ನಡಿಯ ಅಂಚಿನಲ್ಲಿದ್ದ ಎರಡು ಟಿಕೆಟ್ಟು ರಾಯರ ಕಣ್ಣ ಮುಂದೆ ಬಂದವು. ಅದರ ಹಿಂದೆಯೇ ಹೆಂಡತಿಯ ಮುಖವೂ ಬಂತು. ಉಳಿದಿದ್ದು ಒಂದೇ ದಾರಿ. ಪುಸ್ತಕವನ್ನು ಗಿಡಕ್ಕೆ ಹೊಂದಿಸುವಂತಿಲ್ಲ, ಗಿಡವನ್ನೇ ಪುಸ್ತಕಕ್ಕೆ ಹೊಂದಿಸಬೇಕು.

ಮರುದಿನ ಪಾರ್ಕಿನ ಮಾಲಿಯನ್ನು ಕರೆಸಿದರು. ಸಾಹೇಬರು ಮಂಡಿಯ ಆಪರೇಷನ್ನಿಗೆಂದು ರಜದ ಮೇಲಿದ್ದದ್ದು ಅನುಕೂಲವಾಯಿತು.

"ಎಲ್ಲೀವರೆಗೂ ಕಡೀಲಿ ಸ್ವಾಮಿ?"

ರಾಯರು ಬೀರುವಿನಿಂದ ಮೀಟರಿನ ಮೂಲಕೋಲನ್ನೇ ತಂದು ಗಿಡದ ಪಕ್ಕ ನಿಲ್ಲಿಸಿ, ಸೀಮೆಸುಣ್ಣದಿಂದ ಗುರುತು ಮಾಡಿದರು. "ಮೂರಡಿ ಎರಡಿಂಚು. ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ."

ಮಾಲಿ ಗಿಡವನ್ನು ನೋಡಿದ, ಕೋಲನ್ನು ನೋಡಿದ, ರಾಯರನ್ನು ನೋಡಿದ. "ಕಡೀರಿ ಅಂದ್ರೆ ಕಡೀತೀನಿ. ಇದಕ್ಕೇನೂ ಆಗಲ್ಲ ಬಿಡಿ, ಒಂದು ತುದಿ ತೆಗೆದ್ರೆ ಮೂರು ಚಿಗುರು ಕೊಡೋ ಜಾತಿ. ಆದ್ರೆ ಹಾಲು ವಿಷ, ಕಣ್ಣಿಗೆ ಬಾಯಿಗೆ ತಾಗಿಸ್ಕೊಬೇಡಿ. ಕಡಿದ ಕೊಂಬೆ ಸುಡಬೇಡಿ, ಹೊಗೆಯೂ ಕೆಟ್ಟದ್ದೇ."

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಒಂದೇ ಬುಡದಿಂದ ಎದ್ದ ಆರು ಬೋಳು ಗೂಟ ನಿಂತಿದ್ದವು. ಪಕ್ಕದಲ್ಲಿ ಮಾಲಿ ಗೇಣುದ್ದಕ್ಕೆ ತುಂಡರಿಸಿದ ಕೊಂಬೆಯ ರಾಶಿ. ಹುಡುಗಿ ಕೊಂಬೆಗಳನ್ನು ಎಣಿಸಿ ಬರೆದುಕೊಂಡಳು: ನಲವತ್ತೊಂದು.

"ಇದನ್ಯಾಕಮ್ಮ ಬರೀತೀಯ?"

"ಇನ್ನೂರ ಹದಿನಾಲ್ಕರ ಭಾಗ ಅಲ್ವಾ ಸರ್. ವಿಲೇವಾರಿ ಆಗೋವರೆಗೂ ನಮ್ಮದೇ."

ಅಟೆಂಡರ್ ಪಾಪದವನು. ಸರ್ಕಾರದ ಕೊಂಬೆ ಬಾಡಿದರೆ ಯಾರ ತಲೆಗೆ ಬರುತ್ತದೋ ಎಂದು ಹೆದರಿ, ಕಚೇರಿಯಲ್ಲಿದ್ದ ಐದು ಬಕೆಟ್ಟಿಗೂ ನೀರು ತುಂಬಿ ಎಲ್ಲವನ್ನೂ ಅದರಲ್ಲಿ ನಿಲ್ಲಿಸಿದ. ಕಣಗಿಲೆಗೆ ಅಷ್ಟು ಸಾಕಾಗಿತ್ತು. ಮೂರು ವಾರದಲ್ಲಿ ನಲವತ್ತೊಂದು ಕೊಂಬೆಯ ಬುಡದಲ್ಲೂ ಬಿಳಿಯ ಬೇರು ಬಂತು. ಹುಡುಗಿ "ಕೊಂಬೆ" ಎಂಬುದನ್ನು ಹೊಡೆದುಹಾಕಿ "ಗಿಡ, ಜೀವಂತ" ಎಂದು ಬರೆದಳು. ಒಂದು ಗಿಡ ಒಪ್ಪಿಸಲಾಗದೆ ಒದ್ದಾಡುತ್ತಿದ್ದ ರಾಯರ ತಲೆಯ ಮೇಲೆ ಈಗ ನಲವತ್ತೆರಡು ಗಿಡ.

ಇಷ್ಟರಲ್ಲಿ ಊರಿನಲ್ಲಿ ಬೇರೆಯೇ ಸುದ್ದಿ ಹಬ್ಬಿತ್ತು. ನಿವೃತ್ತರಾಗಿ ಮನೆಗೆ ಹೋಗಬೇಕಾದ ಸಿಟ್ಟಿನಲ್ಲಿ ಸ್ಟೋರಿನ ರಾಯರು ಹೂಬಿಟ್ಟ ಗಿಡವನ್ನು ಕೊಚ್ಚಿಹಾಕಿದರಂತೆ. ಕಡಿಯುವಾಗ ನಗುತ್ತಿದ್ದರಂತೆ. ಹೆಂಡತಿಯ ತಮ್ಮ ಒಂದು ಭಾನುವಾರ ಸೇಬಿನ ಚೀಲ ಹಿಡಿದು, ಕಾಯಿಲೆಯವರನ್ನು ನೋಡಲು ಬರುವವರ ಹಾಗೆ ಚಪ್ಪಲಿಯ ಸದ್ದಾಗದಂತೆ ಬಂದ.

"ಭಾವ, ಊಟ ಸೇರ್ತಿದೆಯಾ?"

"ಸೇರದೇ ಏನಪ್ಪ?"

"ಒಳ್ಳೇದು, ಒಳ್ಳೇದು. ನಿವೃತ್ತಿ ಅಂದ್ರೆ ಕೆಲವರಿಗೆ ಹಾಗಾಗುತ್ತಂತೆ. ನಮ್ಮ ಆಫೀಸಿನಲ್ಲಿ ಒಬ್ರು ತಮ್ಮ ಕುರ್ಚಿಯ ನಾಲ್ಕೂ ಕಾಲು ಗರಗಸದಲ್ಲಿ ಕೊಯ್ದುಬಿಟ್ರು. ಈಗ ಪರವಾಗಿಲ್ಲ, ನೆಲದ ಮೇಲೆ ಕೂತ್ಕೋತಾರೆ." ಅಕ್ಕನ ಕಡೆ ತಿರುಗಿ ದನಿ ತಗ್ಗಿಸಿದ. "ಚಾಕು, ಕತ್ತರಿ ಎಲ್ಲ ಎತ್ತಿಟ್ಟಿದೀಯಾ ಅಕ್ಕ?"

"ಲೋ, ನನಗೇನೂ ಆಗಿಲ್ಲ ಕಣೋ!" ಎಂದರು ರಾಯರು. "ನನಗೆ ಬೇಕಾಗಿರೋದು ಹೂ ಹನ್ನೊಂದು, ಮೊಗ್ಗು ನಾಲ್ಕು. ಅಷ್ಟೇ. ಅಷ್ಟು ಸಿಕ್ಕಿದ್ರೆ ನಾನು ಸಮುದ್ರಕ್ಕೆ ಹೋಗ್ತೀನಿ."

ಭಾಮೈದ ಸೇಬಿನ ಚೀಲವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಅಕ್ಕನನ್ನು ಅರ್ಥಗರ್ಭಿತವಾಗಿ ನೋಡಿದ. ಹೋಗುವಾಗ ಬಾಗಿಲಲ್ಲಿ, "ಸಮುದ್ರದ ಹತ್ರ ಒಬ್ರನ್ನೇ ಬಿಡಬೇಡ" ಎಂದು ಹೇಳಿಹೋದ.

ಅದೇ ವಾರ ಸಾಹೇಬರು ಊರುಗೋಲಿನೊಡನೆ ರಜದಿಂದ ಮರಳಿದರು. ಊಟವಾದ ಮೇಲೆ ಕಿಟಕಿಯೊಳಗೆ ಬೀಳುವ ಆ ಗಿಡದ ನೆರಳಿನಲ್ಲಿ ಒಂದು ಗಂಟೆ ಫೈಲು ನೋಡುವುದು ಅವರ ಪದ್ಧತಿ. ಫೈಲು ನೋಡುವಾಗ ಕಣ್ಣು ಮುಚ್ಚಿಕೊಳ್ಳುವುದೂ ಪದ್ಧತಿ. ಅವತ್ತು ಕಣ್ಣು ಮುಚ್ಚಿದ ಹತ್ತು ನಿಮಿಷಕ್ಕೆ ನೇರ ಮುಖಕ್ಕೆ ಬಿಸಿಲು ಹೊಡೆಯಿತು. ಕಿಟಕಿಗೆ ಬಂದು ಆರು ಗೂಟಗಳನ್ನು ನೋಡಿದರು.

"ಏನ್ರೀ ಇದು! ಯಾರ ಕೇಳಿ ಕಡಿದ್ರಿ? ನೀವು ಹೋಗೋದ್ರೊಳಗೆ ಅದು ಮೊದಲಿದ್ದ ಹಾಗೆ ಆಗಬೇಕು. ಇಲ್ಲಾಂದ್ರೆ ನಾನು ಸಹಿ ಹಾಕಲ್ಲ!"

"ಯಾವ ಮೊದಲು ಸರ್?" ಎಂದರು ರಾಯರು ಕೈಕಟ್ಟಿ. "ಕಿಟಕೀಲಿದ್ದ ಮೊದಲೋ, ಪುಸ್ತಕದಲ್ಲಿರೋ ಮೊದಲೋ?"

"ಯಾವ ಪುಸ್ತಕ?"

ಹುಡುಗಿ ಪುಸ್ತಕ ತೆರೆದು ಮುಂದಿಟ್ಟಳು. ಸಾಹೇಬರು ಓದಿದರು. ಮೂರಡಿ ಎರಡಿಂಚು. ಹನ್ನೆರಡು ಸಲ "ಪರಿಶೀಲಿಸಿದೆ, ಸರಿ ಇದೆ". ಅದರ ಕೆಳಗೆ ರಾಯರ ಸಹಿ. ರಾಯರ ಸಹಿಯ ಕೆಳಗೆ, ಕೊನೆಯ ಎಂಟು ವರ್ಷ, "ಖುದ್ದಾಗಿ ನೋಡಿದೆ" ಎಂದು ಇನ್ನೊಂದು ಸಹಿ. ಅದು ಯಾರದೆಂದು ಸಾಹೇಬರಿಗೆ ಗುರುತು ಹತ್ತಲು ಬಹಳ ಹೊತ್ತು ಬೇಕಾಗಲಿಲ್ಲ. ಅವರ ಊರುಗೋಲು ಜಾರಿ ನೆಲಕ್ಕೆ ಬಿತ್ತು.

"ಪುಸ್ತಕದಲ್ಲಿರೋ ಮೊದಲೇ ರಾಯರೇ," ಎಂದರು ಮೆತ್ತಗಿನ ದನಿಯಲ್ಲಿ. "ಪುಸ್ತಕಕ್ಕಿಂತ ದೊಡ್ಡದು ಯಾವುದಿದೆ. ಕಿಟಕಿಗೆ ಒಂದು ಪರದೆ ಹಾಕಿಸಿ."

ಆ ಮೆತ್ತಗಿನ ಘಳಿಗೆಯಲ್ಲೇ ರಾಯರು ನಲವತ್ತೊಂದು ಗಿಡದ ವಿಲೇವಾರಿಗೂ ಅಪ್ಪಣೆ ಪಡೆದರು: ಮುದ್ರೆ ಒತ್ತಿಸಲು ಬಂದವರಿಗೆ ಒಂದೊಂದು ಗಿಡ ಉಚಿತ, ಪಡೆದವರು ಸಹಿ ಮಾಡತಕ್ಕದ್ದು. ಹಂಚುವ ಕೆಲಸ ಹುಡುಗಿಗೆ ಬಿತ್ತು. ಆಕೆ ಪ್ರತಿ ಗಿಡವನ್ನೂ ಅಳೆದು, ಎತ್ತರ ಬರೆದು, ಅಂಗಡಿಯವರ ಸಹಿ ಪಡೆದು ಕೊಟ್ಟಳು.

ಇನ್ನೇನು ಬೇಕು! ಮೂರನೇ ದಿನ ಬೆಳಗ್ಗೆ ಆರು ಗಂಟೆಗೆ ತರಕಾರಿ ಅಂಗಡಿಯವನು ರಾಯರ ಬಾಗಿಲು ತಟ್ಟಿದ. ಒಂದು ಕೈಯಲ್ಲಿ ಡಬ್ಬದಲ್ಲಿ ನೆಟ್ಟ ಕಣಗಿಲೆ, ಇನ್ನೊಂದು ಕೈಯಲ್ಲಿ ಟೇಪು.

"ಸಾರ್, ಕೊಟ್ಟಾಗ ಒಂಬತ್ತಿಂಚು ಅಂತ ಬರ್ಕೊಂಡ್ರು. ಈಗ ಒಂಬತ್ತೂಕಾಲು ಆಗಿದೆ. ನಾನೇನೂ ಮಾಡಿಲ್ಲ ಸಾರ್, ತಾನಾಗೇ ಆಗಿರೋದು. ಕೇಸ್ ಹಾಕ್ತಾರಾ?"

"ಗಿಡ ಕಣಯ್ಯ, ಬೆಳೆಯುತ್ತೆ. ಅಂಗಡಿ ಮುಂದೆ ಬಿಸಿಲಿಗೆ ನೆಟ್ಟು ಮರೆತುಬಿಡು."

"ಮರೆಯೋಕೆ ಸಹಿ ಯಾಕೆ ತಗೊಂಡ್ರಿ ಸಾರ್? ಬೇಕರಿಯವನು ದಿನಾ ಕತ್ತರೀಲಿ ಕಾಲಿಂಚು ತೆಗೀತಿದಾನೆ. ಬಟ್ಟೆ ಅಂಗಡಿಯವನು ಚಿಗುರಿನ ತುದಿಗೆ ದಾರ ಕಟ್ಟಿದಾನೆ, ಮೇಲೆ ಹೋಗಬಾರ್ದು ಅಂತ. ನಮಗೂ ಒಂದು ದಾರಿ ಹೇಳಿ. ನಿಮ್ಮನ್ನ ನಾನು ಮರೆಯೋನಲ್ಲ," ಎಂದು ಎರಡು ಕೆಜಿ ಟೊಮೇಟೊ ಮುಂದೆ ಮಾಡಿದ. ರಾಯರು ಬೈದು ಕಳಿಸಿದರು. ಅವನು ಬೀದಿಯ ಕೊನೆಗೆ ಹೋಗಿ, ಎಲ್ಲರಿಗೂ ಕೇಳಿಸುವಂತೆ, "ಎರಡು ಕೆಜಿಗೆ ಒಪ್ಪಲಿಲ್ಲ, ವಿಷಯ ದೊಡ್ಡದೇ ಇದೆ" ಎಂದ.

ಇತ್ತ ಅಂಗಳದ ಗೂಟಗಳಿಂದ ಚಿಗುರು ಬಂದಿತ್ತು. ಇನ್ನು ಹೂ ಬರಬೇಕು. ರಾಯರು ಮೂವತ್ತನಾಲ್ಕು ವರ್ಷದಲ್ಲಿ ಹಿತ್ತಾಳೆ ಬಟ್ಟುಗಳಿಗೆ ತೋರಿಸಿದ ಪ್ರೀತಿಯನ್ನೆಲ್ಲ ಈಗ ಅದರ ಮೇಲೆ ಸುರಿದರು. ಬೆಳಗ್ಗೆ ಎರಡು ಬಕೆಟ್ ನೀರು, ಸಂಜೆ ಎರಡು ಬಕೆಟ್. ವಾರಕ್ಕೊಮ್ಮೆ ಬುಟ್ಟಿ ಗೊಬ್ಬರ. ಮಧ್ಯಾಹ್ನ ಬಿಸಿಲು ತಾಗದಂತೆ ತಮ್ಮ ಕೊಡೆಯನ್ನೇ ಬಿಚ್ಚಿ ಕಟ್ಟಿದರು, ತಾವು ಬಿಸಿಲಲ್ಲಿ ಮನೆಗೆ ನಡೆದರು. ಗಿಡ ದಪ್ಪಗೆ, ಕಡುಹಸಿರಾಗಿ, ತಿಂದುಂಡು ಸುಖವಾಗಿ ಬೆಳೆಯಿತು. ಬುಟ್ಟಿಗಟ್ಟಲೆ ಎಲೆ ಬಂತು. ಮೊಗ್ಗು ಒಂದೂ ಇಲ್ಲ.

ಇಪ್ಪತ್ತೈದು ದಿನ ಉಳಿದಿರುವಾಗ ರಾಯರು ಮತ್ತೆ ಮಾಲಿಯ ಹತ್ತಿರ ಓಡಿದರು. ಅವನು ಬಂದವನೇ ಕೊಡೆಯನ್ನು ನೋಡಿ ಹಣೆ ಚಚ್ಚಿಕೊಂಡ.

"ಇದಕ್ಕೆ ಮುದ್ದು ಆಗಿಬರಲ್ಲ ಸ್ವಾಮಿ! ಹೊಟ್ಟೆ ತುಂಬಿದ ಕಣಗಿಲೆ ಯಾಕೆ ಹೂ ಬಿಡುತ್ತೆ? ಬಿಸಿಲು ಬೀಳ್ಬೇಕು, ಬುಡ ಒಣಗ್ಬೇಕು. ಹನ್ನೆರಡು ವರ್ಷ ಹೇಗೆ ನೋಡ್ಕೊಂಡಿದ್ರಿ?"

"ನೋಡಿಕೊಂಡೇ ಇರಲಿಲ್ಲ."

"ಹಾಗೇ ನೋಡ್ಕೊಳ್ಳಿ!"

ನೀರು ನಿಂತಿತು, ಗೊಬ್ಬರ ನಿಂತಿತು, ಕೊಡೆ ಮನೆಗೆ ಹೋಯಿತು. ನೋಡದೇ ಇರುವುದು ಮಾತ್ರ ರಾಯರಿಗೆ ಸಾಧ್ಯವಾಗಲಿಲ್ಲ. ಕಂಬದ ಮರೆಯಲ್ಲಿ ನಿಂತು ನೋಡಿದರು, ಪರದೆ ಸರಿಸಿ ನೋಡಿದರು. ಎರಡು ವಾರಕ್ಕೆ ತುದಿಗಳಲ್ಲಿ ಹದಿನಾರು ಮೊಗ್ಗು ಕಂಡವು. ರಾಯರು ಲೆಕ್ಕ ಹಾಕಿದರು. ಬೇಕಾಗಿದ್ದು ಹನ್ನೊಂದು ಮತ್ತು ನಾಲ್ಕು, ಒಟ್ಟು ಹದಿನೈದು. ಒಂದು ಹೆಚ್ಚು!

"ಒಂದು ಮೊಗ್ಗು ತೆಗೆದುಬಿಡ್ಲಾಮ್ಮ?" ಎಂದು ಹುಡುಗಿಯನ್ನು ಕೇಳಿದರು.

"ತಾನಾಗಿ ಉದುರಿದ್ರೆ ಪ್ರಕೃತಿ ಸರ್. ನೀವು ಕಿತ್ತರೆ ಕಾರಣ ಬರೀಬೇಕು."

ಕೊನೆಯ ದಿನ ಬಂತು. ಎತ್ತರ ಮೀರಿದ ಎರಡು ಚಿಗುರನ್ನು ಬೆಳಗ್ಗೆಯೇ ಸವರಿ, ಮೂಲಕೋಲು ಹಿಡಿದು, ಮೂರಡಿ ಎರಡಿಂಚು ಎಂದು ಹುಡುಗಿಯಿಂದ ಗುರುತು ಹಾಕಿಸಿಕೊಂಡಿದ್ದಾಯಿತು. ಅರಳಿದ ಹೂ ಹನ್ನೆರಡು, ಮೊಗ್ಗು ನಾಲ್ಕು. ರಾಯರು ಸ್ಟೂಲು ಹಾಕಿಕೊಂಡು ಗಿಡದ ಎದುರು ಕೂತರು. ಹಿಂದಿನ ವಾರವೇ ಅರಳಿದ್ದ ಒಂದು ಮುದಿ ಹೂವಿನ ಮೇಲೆ ಅವರ ಕಣ್ಣು. ಊದಲಿಲ್ಲ, ಮುಟ್ಟಲಿಲ್ಲ. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಅದು ತೊಟ್ಟು ಬಿಟ್ಟು, ಒಂದು ಸುತ್ತು ತಿರುಗಿ, ಅವರ ಚಪ್ಪಲಿಯ ಮೇಲೆ ಬಿತ್ತು.

"ಬಿತ್ತು! ತಾನಾಗೇ ಬಿತ್ತು! ನೀವೆಲ್ಲ ಸಾಕ್ಷಿ!" ಎಂದು ರಾಯರು ಎದ್ದು ಕುಣಿದರು. ಮುದ್ರೆಗೆ ಬಂದಿದ್ದ ಇಬ್ಬರು ಅಂಗಡಿಯವರು ತಕ್ಕಡಿ ಎತ್ತಿಕೊಂಡು ಸದ್ದಿಲ್ಲದೆ ಹೊರಟುಹೋದರು.

ಸಾಹೇಬರು ಒಂದು ಸಭೆಗೆ ಹೋಗಿದ್ದರು. ಮೂರಕ್ಕೆ ಬರುತ್ತಾರೆ, ಮೊದಲು ಬೀಳ್ಕೊಡುಗೆ, ಆಮೇಲೆ ಹೂ ಎಣಿಸಿ ಸಹಿ ಎಂದು ನಿಗದಿಯಾಯಿತು. ಅಲ್ಲಿಯವರೆಗೆ ರಾಯರು ಅಂಗಳ ಬಿಟ್ಟು ಕದಲಲಿಲ್ಲ. ಒಂದು ದುಂಬಿ ಬಂದರೆ ಅಟ್ಟಿದರು. ಸಾಹೇಬರು ಬಂದ ಮೇಲೆ, ಹುಡುಗಿಯೇ ಬಂದು ಕೈಹಿಡಿದು ಎಳೆದಾಗ, ಹಿಂದೆ ತಿರುತಿರುಗಿ ನೋಡುತ್ತ ಒಳಗೆ ಹೋದರು.

ಭಾಷಣಗಳಾದವು. ಸಾಹೇಬರು, "ಇವರ ಪುಸ್ತಕದಲ್ಲಿ ಒಂದು ತಪ್ಪು ಹುಡುಕಿ ನೋಡೋಣ" ಎಂದು ಗುಡುಗಿ, ಏನೋ ನೆನಪಾಗಿ ಬೇಗ ಮುಂದಿನ ಮಾತಿಗೆ ಹೋದರು. ಆಮೇಲೆ ಅಟೆಂಡರ್ ಮುಂದೆ ಬಂದ. ಬೆನ್ನ ಹಿಂದೆ ಕೈಕಟ್ಟಿಕೊಂಡಿದ್ದ, ಕಣ್ಣಲ್ಲಿ ನೀರಿತ್ತು.

"ಎಲ್ರೂ ರಾಯರಿಗೆ ಹುಚ್ಚು ಅಂದ್ರು. ನಾನು ಅನ್ನಲಿಲ್ಲ. ಎರಡು ತಿಂಗಳು ಆ ಗಿಡಕ್ಕೆ ಅವರು ಪಟ್ಟ ಪಾಡು ನಾನು ನೋಡಿದೀನಿ. ಅಂಗಡಿಯಿಂದ ಹೂ ತಂದು ಕೊಟ್ರೆ ಅವರ ಮನಸ್ಸಿಗೆ ಸಮಾಧಾನ ಆಗುತ್ತಾ? ಅದಕ್ಕೇ ನೀವೆಲ್ಲ ಒಳಗೆ ಬಂದ ಮೇಲೆ..."

ಬೆನ್ನ ಹಿಂದಿನ ಕೈ ಮುಂದೆ ಬಂತು. ಅದರಲ್ಲಿ ಕೆಂಪು ದಾರ ಸುತ್ತಿದ ಒಂದು ಹೂಗುಚ್ಛ. ಗುಲಾಬಿ ಬಣ್ಣದ ಕಣಗಿಲೆ.

ಸಭೆ ಚಪ್ಪಾಳೆ ತಟ್ಟಿತು. ರಾಯರ ತುಟಿ ಅಲುಗುತ್ತಿತ್ತು. ಅವರು ಎಣಿಸುತ್ತಿದ್ದರು. ಒಂಬತ್ತು, ಹತ್ತು, ಹನ್ನೊಂದು. ಮೊಗ್ಗು ಒಂದು, ಎರಡು, ಮೂರು, ನಾಲ್ಕು. ಎಣಿಸಿ ಮುಗಿದ ಮೇಲೆ ಕುರ್ಚಿಗೆ ಕುಸಿದು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

"ನೋಡಿ, ಎಷ್ಟು ಭಾವುಕರಾಗಿದ್ದಾರೆ," ಎಂದರು ಸಾಹೇಬರು. ಚಪ್ಪಾಳೆ ಇನ್ನೂ ಜೋರಾಯಿತು.

ನಾಲ್ಕೂವರೆಗೆ ರಾಯರು, ಹುಡುಗಿ, ಸಾಹೇಬರು ಮೂವರೂ ಅಂಗಳದಲ್ಲಿ ನಿಂತಿದ್ದರು. ಗಿಡದಲ್ಲಿ ಎಲೆ ಬಿಟ್ಟು ಏನೂ ಇರಲಿಲ್ಲ. ಅಟೆಂಡರ್‌ಗೆ ವಿಷಯ ಗೊತ್ತಾಗಿ ಅವನು ಗೋಡೆಗೆ ಹಣೆಯೊತ್ತಿ ನಿಂತಿದ್ದ. ಗೇಟಿನ ಹೊರಗೆ ಆಟೋ ಬಂದು ನಿಂತಿತು. ಒಳಗೆ ಎರಡು ಪೆಟ್ಟಿಗೆಯ ನಡುವೆ ರಾಯರ ಹೆಂಡತಿ.

"ರೀ, ಹೊರಡೋಣ್ವಾ?"

ರಾಯರು ಹೂಗುಚ್ಛ ಹಿಡಿದೇ ಹುಡುಗಿಯ ಕಡೆ ತಿರುಗಿದರು. "ಮೂವತ್ತೊಂದು ವರ್ಷ ಅವಳು ಕಾದಿದಾಳಮ್ಮ," ಎಂದರು ಹುಡುಗಿಗೆ. "ನಾನು ಬರೆದದ್ದೇ ನನ್ನ ಕಾಲಿಗೆ ಸುತ್ಕೊಳ್ತು. ಏನ್ ಬೇಕೋ ಬರಿ. ಹೂ ಇಲ್ಲ ಅಂತಲೇ ಬರಿ."

ಹುಡುಗಿ ಪುಸ್ತಕ ತೆರೆದಳು. ಇನ್ನೂರ ಹದಿನಾಲ್ಕನ್ನು ಒಮ್ಮೆ ಓದಿದಳು. ಇನ್ನೊಮ್ಮೆ, ಬೆರಳಿಟ್ಟು, ಬಾಯಿಬಿಟ್ಟು ಓದಿದಳು.

"ಎತ್ತರ ಮೂರಡಿ ಎರಡಿಂಚು, ಸರಿ ಇದೆ. ಹೂ ಹನ್ನೊಂದು... ಸರ್, ನಿಮ್ಮ ಕೈಯಲ್ಲಿ ಎಷ್ಟಿವೆ?"

"ಹನ್ನೊಂದು."

"ಮೊಗ್ಗು?"

"ನಾಲ್ಕು. ಆದ್ರೆ ಇವು ಗಿಡದಲ್ಲಿ..."

"ಎಲ್ಲಿರಬೇಕು ಅಂತ ಬರೆದಿಲ್ಲ ಸರ್."

ರಾಯರು ಪುಸ್ತಕ ಕಿತ್ತುಕೊಂಡು ನೋಡಿದರು. ಗಿಡ ಜೀವಂತ ಎಂದು ಬರೆದಿದ್ದರು, ಎತ್ತರ ಬರೆದಿದ್ದರು, ಹೂವನ್ನು ಬಿಡಿಬಿಡಿಯಾಗಿ ಎಣಿಸಿ ಬರೆದಿದ್ದರು. ಹೂ ಎಲ್ಲಿದೆ ಎಂದು ಬರೆದಿರಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಇಂಚುರಾಯರು ಬರೆಯಲು ಮರೆತದ್ದು ಅದೊಂದೇ ಮಾತು.

"ಗಿಡ ಕಚೇರಿ ಅಂಗಳದಲ್ಲಿದೆ. ಹೂ ಕಚೇರಿ ಅಂಗಳದಲ್ಲಿದೆ," ಎಂದಳು ಹುಡುಗಿ. "ಪುಸ್ತಕದ ಪ್ರಕಾರ ಸರಿ ಇದೆ. ಹೂವು ಇಲ್ಲಿ ಬಿಟ್ಟು ಹೋಗಿ ಸರ್, ಅಷ್ಟೇ." ಅವಳು ಸಹಿ ಹಾಕಿದಳು. ಸಾಹೇಬರು ಇದೊಂದು ಸಲ ನಿಜವಾಗಿಯೂ ಖುದ್ದಾಗಿ ನೋಡಿ, ಸಹಿ ಹಾಕಿದರು. ಅಟೆಂಡರ್ ಗೋಡೆ ಬಿಟ್ಟು ಬಂದು ರಾಯರನ್ನು ತಬ್ಬಿಕೊಂಡ.

ರಾಯರು ಹೂಗುಚ್ಛವನ್ನು ಹುಡುಗಿಯ ಕೈಗಿತ್ತು ಗೇಟಿನತ್ತ ದೌಡಾಯಿಸಿದರು.

"ಸರ್, ಹದಿನೇಳನೆಯದು!"

ಅವರು ನಿಂತರು. ಜೇಬಿನಿಂದ ಸ್ಕೇಲು ತೆಗೆದರು. ಒಮ್ಮೆ ಅಂಗಿಗೆ ಒರೆಸಿ, ಕೊಟ್ಟರು. ಹುಡುಗಿ ಅದನ್ನು ತನ್ನ ಜೇಬಿಗೆ ಸಿಕ್ಕಿಸಿಕೊಂಡಳು. ರಾಯರಿಗೆ ಅಳು ಬಂತು, ಈ ಸಲ ನಿಜವಾದದ್ದು.

ರೈಲು ಏಳೂಕಾಲಕ್ಕೆ ಸರಿಯಾಗಿ ಹೊರಟಿತು. ರಾಯರು ಗಡಿಯಾರ ನೋಡಿ ಹೇಳಿದರು. ಊರು ಹಿಂದಾದ ಮೇಲೆ ಹೆಂಡತಿ ಚೀಲದೊಳಗಿನಿಂದ ಒಂದು ಡಬ್ಬವನ್ನು ಹುಷಾರಾಗಿ ಎತ್ತಿ ಕಿಟಕಿಯ ಬಳಿ ಇಟ್ಟರು. ಅದರಲ್ಲಿ ನಾಲ್ಕೆಂಟು ಎಲೆಯ ಪುಟ್ಟ ಕಣಗಿಲೆ.

"ಇದೆಲ್ಲಿಂದ ಬಂತೇ! ಸರ್ಕಾರದ್ದು!"

"ನಲವತ್ತೊಂದನೇದು. ಕದ್ದಿಲ್ಲ ರೀ, ಗಾಬರಿ ಆಗಬೇಡಿ. ನೀವು ಮಾಲಿ ಹುಡುಕ್ಕೊಂಡು ಹೋಗಿದ್ರಲ್ಲ ಅವತ್ತು, ಸವತೀನ ಹೊತ್ಕೊಂಡು ಹೋಗಿ ಮುದ್ರೆ ಒತ್ತಿಸ್ದೆ. ಆ ಹುಡುಗಿ ಗಿಡ ಕೊಟ್ಲು. ಸಹಿ ಮಾಡಿದೀನಿ. ಮುದ್ರೆಗೆ ಮುಂಚೆ ತೂಗಿ ನೋಡಿ ಸರಿಮಾಡಿದ್ರು, ನಿಮ್ಮ ತಕ್ಕಡಿ ಇಷ್ಟು ವರ್ಷ ತಪ್ಪು ತೋರಿಸ್ತಿತ್ತಂತೆ."

ರಾಯರು ಗಿಡವನ್ನು ನೋಡಿದರು. ಕೈ ತಾನಾಗಿ ಜೇಬಿಗೆ ಹೋಯಿತು, ಖಾಲಿ ಜೇಬನ್ನು ತಡವಿ ಮರಳಿ ಬಂತು. ಹೆಂಡತಿ ಅದನ್ನೇ ನೋಡುತ್ತಿದ್ದರು.

"ಎಷ್ಟು ಎತ್ತರ ಇದೆ, ಹೇಳಿ ನೋಡೋಣ?"

ರಾಯರು ಒಂದು ಅಂಗೈಯ ಮೇಲೆ ಇನ್ನೊಂದು ಅಂಗೈಯನ್ನು ಅಂದಾಜಿನಲ್ಲಿ ಎತ್ತಿ ಹಿಡಿದರು. "ಇಷ್ಟಿದೆ."

ಮೂವತ್ತೊಂದು ವರ್ಷದಲ್ಲಿ ಆಕೆ ಅವರ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಪಕ್ಕಕ್ಕೆ ಸರಿದು ಕೂತರು.

"ಮತ್ತೆ ಸಮುದ್ರ ಎಷ್ಟಿರುತ್ತೆ ರೀ?"

ರಾಯರು ಎರಡೂ ತೋಳನ್ನು ಸಾಧ್ಯವಾದಷ್ಟು ಅಗಲಿಸಿದರು. ಪಕ್ಕದಲ್ಲಿ ನಿದ್ದೆಹೋಗಿದ್ದವರ ಟೋಪಿ ಕೆಳಗೆ ಬಿತ್ತು.

"ಇಷ್ಟು," ಎಂದರು. "ಸ್ವಲ್ಪ ಹೆಚ್ಚೂ ಇರಬಹುದು."